ಟವಲ್ಲಿನ ಕೆಳಗಿನ ಬೆರಳು

ಕಳೆದ ವರ್ಷ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಅಂತಿಮ ವರ್ಷದ ಹುಡುಗರ ಪ್ರಾಜೆಕ್ಟ್ ಪ್ರದರ್ಶನವಿತ್ತು. ಕರೆದಿದ್ದರು, ಹೋಗಿದ್ದೆ. ಒಂದೇ ಸಾಲಿನಲ್ಲಿ ಮೂರು ತಂಡಗಳು ಒಂದೇ ಸರಕು ಇಟ್ಟುಕೊಂಡು ಕೂತಿದ್ದವು: ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಕೈ ಆಡಿಸಿದರೆ ಮೌಸ್ ಓಡುವುದು, ವಾಲ್ಯೂಮ್ ಏರಿಳಿಯುವುದು. ಎರಡನೆಯ ಟೇಬಲ್ಲಿನ ಹುಡುಗ ಚುರುಕು. ಹೆಬ್ಬೆರಳು, ತೋರುಬೆರಳು ಹತ್ತಿರ ತಂದ, ಹಾಡು ತಗ್ಗಿತು. ದೂರ ಮಾಡಿದ, ಏರಿತು. ನಾನು ಏನೋ ಕೇಳಲು ಕೈ ಎತ್ತಿದೆ ನೋಡಿ, ಹಾಡು ಕಿವಿ ಕಿತ್ತುಹೋಗುವ ಹಾಗೆ ಕೂಗಿಕೊಂಡಿತು.

"ಸರ್, ಒಂಚೂರು ಕೈ ಕೆಳಗ ಇಡ್ರಿ."

ಇಟ್ಟೆ. ಅವನು ಉತ್ತರ ಹೇಳಲು ಶುರುಮಾಡಿದ. ಆದರೆ ನಮ್ಮ ಕಡೆಯವರು ಕೈ ಆಡಿಸದೆ ಮಾತಾಡಿದ್ದನ್ನು ಯಾರು ಕಂಡಿದ್ದಾರೆ? "ಇದು ಹೆಂಗಂದ್ರ ಸರ್" ಅಂದಾಗ ಹಾಡು ಏರಿತು, "ಈ ಪಾಯಿಂಟಿಂದ ಈ ಪಾಯಿಂಟಿಗೆ" ಅಂದಾಗ ಇಳಿಯಿತು. ಕಡೆಗೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ವಿವರಿಸಿದ. ಕೈ ಕಟ್ಟಿಹಾಕಿದ್ದಕ್ಕೋ ಏನೋ, ಅಲ್ಲಿಯತನಕ ಸರಾಗವಾಗಿದ್ದ ಮಾತು ತೊದಲತೊಡಗಿತು.

ಕೈಸನ್ನೆಯಿಂದ ಕಂಪ್ಯೂಟರ್ ನಡೆಸುವ ಕಾಲ ಬಂದೇಬಿಟ್ಟಿತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಜೇಬಿನೊಳಗಿನ ಕೈಗಳು ನೆನಪಾಗುತ್ತವೆ.

ಹುಡುಗರ ತಪ್ಪೇನೂ ಇರಲಿಲ್ಲ. ಕೈಯನ್ನು ಗುರುತಿಸುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. 2019ರಲ್ಲಿ ಗೂಗಲ್ ತನ್ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಕಟ್ಟನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಅದು ಕೈ ಹುಡುಕುವ ರೀತಿ ಸೊಗಸಾಗಿದೆ. ಮೊದಲು ಇಡೀ ಕೈಯನ್ನಲ್ಲ, ಬರೀ ಅಂಗೈಯನ್ನು ಹುಡುಕುತ್ತದೆ. ಬೆರಳುಗಳು ಮಡಚುತ್ತವೆ, ಒಂದರ ಹಿಂದೊಂದು ಅಡಗುತ್ತವೆ. ಅಂಗೈ ಅಷ್ಟೊಂದು ವೇಷ ಹಾಕುವುದಿಲ್ಲ. ಸಿಕ್ಕ ಅಂಗೈಯ ಸುತ್ತ ಒಂದು ಚೌಕಟ್ಟು ಹಾಕಿ, ಅದರೊಳಗೆ 21 ಬಿಂದುಗಳನ್ನು ಗುರುತಿಸುತ್ತದೆ: ಮಣಿಕಟ್ಟಿಗೆ ಒಂದು, ಬೆರಳಿಗೆ ನಾಲ್ಕರಂತೆ ಇಪ್ಪತ್ತು. ಮುಂದಿನದೆಲ್ಲ ಹೈಸ್ಕೂಲಿನ ರೇಖಾಗಣಿತ. ಹೆಬ್ಬೆರಳಿನ ತುದಿಗೂ ತೋರುಬೆರಳಿನ ತುದಿಗೂ ನಡುವಿನ ಅಂತರ ಇಷ್ಟಕ್ಕಿಂತ ಕಡಿಮೆಯಾದರೆ ಚಿವುಟು, ನಾಲ್ಕೂ ಬೆರಳ ತುದಿ ಗೆಣ್ಣಿಗಿಂತ ಕೆಳಗಿದ್ದರೆ ಮುಷ್ಟಿ. ಸಾದಾ ಸ್ಮಾರ್ಟ್‌ಫೋನಿನಲ್ಲೂ ಇದು ಓಡುತ್ತದೆ. ಮೂರು ತಂಡಗಳು ಒಂದೇ ಪ್ರಾಜೆಕ್ಟ್ ತಂದದ್ದು ಇದಕ್ಕೇ.

ಯಂತ್ರಕ್ಕೆ ಇನ್ನೂ ತಿಳಿಯದೆ ಉಳಿದಿರುವುದು ಬೇರೆ: ಈ ಕೈ ಎದ್ದದ್ದು ನನಗಾಗಿಯೋ, ಅಲ್ಲವೋ?

ಈ ವಿಷಯದ ಸಂಶೋಧಕರು ಇದನ್ನು ಮಿಡಾಸ್ ಸ್ಪರ್ಶ ಎನ್ನುತ್ತಾರೆ, ಮುಟ್ಟಿದ್ದೆಲ್ಲ ಚಿನ್ನವಾಗಿ ಊಟಕ್ಕೂ ಗತಿಯಿಲ್ಲದಾದ ಗ್ರೀಕ್ ಕಥೆಯ ರಾಜನ ಹೆಸರಲ್ಲಿ. ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿ ಕೂಡುವ ಕಥೆ ಇದೆ. ಭಸ್ಮಾಸುರ. ತಲೆಯ ಮೇಲೆ ಕೈ ಇಟ್ಟರೆ ಸುಡಬೇಕು ಎಂಬುದು ಶಿವನಿಂದ ಪಡೆದ ವರ. ಮೋಹಿನಿಯ ಜೊತೆ ಕುಣಿಯುತ್ತ ಅವನು ತನ್ನ ತಲೆಯ ಮೇಲೆ ತಾನೇ ಕೈ ಇಟ್ಟದ್ದು ಸುಡು ಎಂಬ ಅಪ್ಪಣೆಯಾಗಿ ಅಲ್ಲ, ಕುಣಿತದ ಒಂದು ಭಂಗಿಯಾಗಿ. ವರಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ. ಕೈ ಕಂಡಿತು, ತಲೆ ಕಂಡಿತು, ಸುಟ್ಟಿತು. ಅದರ ಲೆಕ್ಕದಲ್ಲಿ ಗುರುತಿಸುವಿಕೆ ನೂರಕ್ಕೆ ನೂರು ಸರಿ.

ನಮ್ಮ ಕೈಗಳ ಓಡಾಟದಲ್ಲಿ ಅಪ್ಪಣೆಯ ಪಾಲು ತೀರಾ ಸಣ್ಣದು. ಕೆರೆದುಕೊಳ್ಳುತ್ತೇವೆ, ನೊಣ ಓಡಿಸುತ್ತೇವೆ, ಮಾತಿಗೆ ತಾಳ ಹಾಕುತ್ತೇವೆ. ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದ ಭೀಮಸೇನ ಜೋಶಿಯವರು ಹಾಡುವುದನ್ನು ವಿಡಿಯೊದಲ್ಲಾದರೂ ನೋಡಿದವರಿಗೆ ಗೊತ್ತು, ಆ ಕೈಗಳು ಸ್ವರಗಳ ತಾನನ್ನು ಎಲ್ಲಿಂದಲೋ ಎಳೆದು ತಂದು ಸಭೆಯ ಮುಂದೆ ಚೆಲ್ಲುತ್ತಿದ್ದವು. ಆ ಹುಡುಗರ ಲ್ಯಾಪ್‌ಟಾಪನ್ನು ಆ ವೇದಿಕೆಯ ಮೇಲೆ ಇಟ್ಟಿದ್ದರೆ ಒಂದು ಖ್ಯಾಲ್ ಮುಗಿಯುವುದರೊಳಗೆ ಎಷ್ಟು ಫೈಲು ಅಳಿಸಿಹೋಗುತ್ತಿದ್ದವೋ.

ಇದು ಹೊಸ ತಲೆನೋವಲ್ಲ. 1980ರಲ್ಲಿಯೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಿಚರ್ಡ್ ಬೋಲ್ಟ್ ಒಂದು ಕೋಣೆಯಲ್ಲಿ ಕುರ್ಚಿ ಹಾಕಿ, ಗೋಡೆಯಗಲದ ಪರದೆಯತ್ತ ಬೆರಳು ತೋರಿಸಿ "ಅದನ್ನು ಅಲ್ಲಿ ಇಡು" ಎಂದರೆ ಕಂಪ್ಯೂಟರ್ ಕೇಳುವ ಹಾಗೆ ಮಾಡಿ ತೋರಿಸಿದ್ದ. ಅದಾಗಿ ಹೆಚ್ಚುಕಡಿಮೆ ಮೂವತ್ತು ವರ್ಷಕ್ಕೆ, 2009ರ ನವೆಂಬರಿನಲ್ಲಿ, ನಮ್ಮ ಮೈಸೂರಿನಲ್ಲೇ ನಡೆದ ಟೆಡ್ ಇಂಡಿಯಾ ಉಪನ್ಯಾಸ ವೇದಿಕೆಯಲ್ಲಿ ಅದೇ ಎಂಐಟಿಯ ವಿದ್ಯಾರ್ಥಿ ಪ್ರಣವ್ ಮಿಸ್ತ್ರಿ ಸಿಕ್ಸ್ತ್‌ಸೆನ್ಸ್ ತೋರಿಸಿದರು. ಕೊರಳಿಗೆ ಕ್ಯಾಮೆರಾ ಮತ್ತು ಪುಟ್ಟ ಪ್ರೊಜೆಕ್ಟರು, ಬೆರಳ ತುದಿಗೆ ಬಣ್ಣದ ಟೊಪ್ಪಿಗೆ, ಗೋಡೆಯೇ ಪರದೆ. ಇನ್ನು ಮೌಸಿನ ಕಥೆ ಮುಗಿಯಿತು ಎಂದು ಆಗ ನಾನೂ ನಂಬಿದ್ದೆ.

ಮರುವರ್ಷ, ಟಿವಿ ಮುಂದೆ ಮೈಕೈ ಆಡಿಸಿ ವಿಡಿಯೊ ಗೇಮ್ ಆಡಲೆಂದು ಮೈಕ್ರೋಸಾಫ್ಟಿನ ಕಿನೆಕ್ಟ್ ಬಂತು, ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಕೋಣೆಯ ತುಂಬ ಎರಚಿ, ಅವು ಮೈಮೇಲೆ ಬಿದ್ದು ಎಷ್ಟು ಸರಿದಿವೆ ಎಂದು ನೋಡಿ ದೂರ ಅಳೆಯುವ ಉಪಾಯ ಅದರದ್ದು. ಟಿವಿಯಿಂದ ಐದಾರು ಅಡಿ ಹಿಂದೆ ನಿಲ್ಲಬೇಕು, ನಡುವೆ ಟೀಪಾಯಿ ಇರಬಾರದು. ಹಳೇ ಹುಬ್ಬಳ್ಳಿಯ ಮನೆಯ ಪಡಸಾಲೆಯಲ್ಲಿ ಅಷ್ಟು ಹಿಂದೆ ಸರಿದರೆ ಬೆನ್ನು ಬೀದಿ ಬಾಗಿಲಿಗೆ ತಾಗುತ್ತದೆ. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. 2013ರ ಸ್ಯಾಮ್‌ಸಂಗ್ ಎಸ್4 ಫೋನಿನ ಮೇಲೆ ಕೈ ಬೀಸಿದರೆ ಫೋಟೊ ಸರಿಯುತ್ತಿತ್ತು. ಕೊಂಡ ವಾರ ಎಲ್ಲರಿಗೂ ತೋರಿಸಿ, ಆಮೇಲೆ ಆಫ್ ಮಾಡಿ ಇಟ್ಟವರೇ ಹೆಚ್ಚು. 2019ರಲ್ಲಿ ಗೂಗಲ್ ಪಿಕ್ಸೆಲ್ 4ರೊಳಗೆ ಸೋಲಿ ಎಂಬ ಪುಟ್ಟ ರಡಾರನ್ನೇ ಕೂಡಿಸಿತು. ಅದು ಬಳಸುತ್ತಿದ್ದ 60 ಗಿಗಾಹರ್ಟ್ಸ್ ತರಂಗಕ್ಕೆ ಆಗ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದ್ದರಿಂದ ಆ ಫೋನು ಇಲ್ಲಿಗೆ ಬರಲೇ ಇಲ್ಲ. ನಾವು ಕಳೆದುಕೊಂಡದ್ದೂ ಅಷ್ಟಕ್ಕಷ್ಟೇ: ಮರುವರ್ಷದ ಪಿಕ್ಸೆಲ್ 5ರಲ್ಲಿ ಗೂಗಲ್ಲೇ ಅದನ್ನು ಕೈಬಿಟ್ಟಿತು.

ಇಷ್ಟು ಸಲ ಎದ್ದು ಇಷ್ಟು ಸಲ ಬಿದ್ದದ್ದಕ್ಕೆ ಒಂದು ಕಾರಣ ತೋಳುನೋವು. ಗಾಳಿಯಲ್ಲಿ ಕೈ ಎತ್ತಿ ಹಿಡಿದು ಐದು ನಿಮಿಷ ಕೆಲಸ ಮಾಡಿ ನೋಡಿ. ಕಂಪ್ಯೂಟರ್ ಜಗತ್ತು ಇದಕ್ಕೆ ಗೊರಿಲ್ಲಾ ತೋಳು ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. ಇನ್ನೊಂದು ಕಾರಣ, ಗಾಳಿ ಮರುಮಾತಾಡುವುದಿಲ್ಲ. ಗುಂಡಿ ಒತ್ತಿದರೆ ಬೆರಳಿಗೆ ಕಟ್ ಎನ್ನುತ್ತದೆ, ಒತ್ತಿದ್ದು ಗೊತ್ತಾಗುತ್ತದೆ. ಗಾಳಿಗೆ ಚಿವುಟಿದರೆ ಕೇಳಿಸಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಚಿವುಟುತ್ತೇವೆ, ಎರಡೂ ಕೇಳಿಸಿರುತ್ತವೆ. ದೊಡ್ಡ ಅಂಗಡಿಗಳ ಕೈತೊಳೆಯುವ ಜಾಗದಲ್ಲಿ ಸೆನ್ಸರ್ ನಲ್ಲಿಯ ಮುಂದೆ ದೇವರಿಗೆ ಆರತಿ ಬೆಳಗಿದ ಹಾಗೆ ಕೈ ಆಡಿಸುತ್ತ ನಿಂತವರನ್ನು ನೋಡಿದ್ದೀರಲ್ಲ, ಅದೂ ಇದೇ ಸಂಕಟ. ಅಂದಹಾಗೆ, ಜಗತ್ತಿನಲ್ಲಿ ನಿಜವಾಗಿ ಹಬ್ಬಿದ ಸನ್ನೆಯಂತ್ರ ಆ ನಲ್ಲಿಯೇ ಇರಬೇಕು. ಅದಕ್ಕೆ ಒಂದೇ ಅರ್ಥ, ಒಂದೇ ಕೆಲಸ. ತಪ್ಪಿದರೂ ಹೋಗುವುದು ಒಂದು ಬೊಗಸೆ ನೀರು.

ಇಲ್ಲಿ ನಮ್ಮ ಕಡೆಯ ದನದ ಸಂತೆಯನ್ನು ನಡುವೆ ತರದೆ ನನಗೆ ಮುಂದಕ್ಕೆ ಹೋಗಲಾಗುವುದಿಲ್ಲ. ಹಾವೇರಿಯ ಸಂತೆಯಲ್ಲಿ ಎತ್ತಿನ ವ್ಯಾಪಾರ ಕುದುರಿಸುವ ಹಳೆಯ ದಲಾಲರ ರೀತಿ ನೋಡಿದವರು ಇನ್ನೂ ಇದ್ದಾರೆ. ಮಾರುವವನ ಕೈ, ದಲಾಲನ ಕೈ, ಎರಡರ ಮೇಲೂ ಒಂದು ಟವಲ್ಲು. ಬಾಯಲ್ಲಿ ಮಳೆ-ಬೆಳೆಯ ಮಾತು. ಟವಲ್ಲಿನ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಒಂದು ಹಿಡಿದರೆ ಒಂದು, ಐದೂ ಕೂಡಿಸಿ ಹಿಡಿದರೆ ಐದು. ಅದು ಸಾವಿರವೋ ಹತ್ತು ಸಾವಿರವೋ ಯಾರೂ ಹೇಳುವುದಿಲ್ಲ, ಎದುರಿಗೆ ನಿಂತ ಎತ್ತಿನ ಹಲ್ಲು, ಹೆಗಲು, ನಡಿಗೆ ಅದನ್ನು ಆಗಲೇ ಹೇಳಿಬಿಟ್ಟಿರುತ್ತವೆ. ಒಪ್ಪದಿದ್ದರೆ ಬೆರಳು ಜಾರಿಸಿಕೊಳ್ಳುವುದು, ಒಪ್ಪಿದರೆ ಒತ್ತುವುದು. ಸುತ್ತ ಇಪ್ಪತ್ತು ಜನ ಕುತ್ತಿಗೆ ಉದ್ದ ಮಾಡಿ ನಿಂತರೂ ದರ ಯಾರಿಗೂ ತಿಳಿಯುವುದಿಲ್ಲ.

ಸನ್ನೆಯ ತಂತ್ರಜ್ಞಾನ ನಲವತ್ತು ವರ್ಷ ತಿಣುಕಿದ ತೊಡಕುಗಳೆಲ್ಲ ಆ ಟವಲ್ಲಿನ ಕೆಳಗೆ ಬಗೆಹರಿದಿವೆ. ತೋಳು ನೋಯುವುದಿಲ್ಲ, ಏಕೆಂದರೆ ಕೈ ಎತ್ತುವುದೇ ಇಲ್ಲ. ಮಾತಿನ ಕೈ ಯಾವುದು, ವ್ಯಾಪಾರದ ಕೈ ಯಾವುದು ಎಂಬ ಗೊಂದಲವಿಲ್ಲ. ಟವಲ್ಲು ಬಿದ್ದಿತೆಂದರೆ ವ್ಯಾಪಾರ ಶುರು, ತೆಗೆದರೆ ಮುಗಿಯಿತು. ಕೇಳಿಸಿತೋ ಇಲ್ಲವೋ ಎಂಬ ಅನುಮಾನವಿಲ್ಲ, ಎದುರಿನ ಬೆರಳು ಮರುಕ್ಷಣ ಉತ್ತರ ಕೊಡುತ್ತದೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಈಗ ದೊಡ್ಡ ಕಂಪನಿಗಳು ಹೊರಟಿರುವ ದಿಕ್ಕು ನೋಡಿದರೆ, ಗೊತ್ತಿಲ್ಲದೆಯೇ ಅವು ಆ ಸಂತೆಯತ್ತ ನಡೆಯುತ್ತಿವೆ. ಗಾಳಿಯಲ್ಲಿದ್ದ ಕೈ ಮೊದಲು ತೊಡೆಯ ಮೇಲೆ ಇಳಿಯಿತು. 2024ರ ಫೆಬ್ರವರಿಯಲ್ಲಿ ಬಂದ, ಕಣ್ಣಿಗೆ ಕಟ್ಟಿಕೊಳ್ಳುವ ಕಂಪ್ಯೂಟರ್ ಆ್ಯಪಲ್ ವಿಷನ್ ಪ್ರೊದಲ್ಲಿ ಕಣ್ಣು ನೋಡಿದ್ದನ್ನು ಯಂತ್ರ ಹಿಡಿದುಕೊಳ್ಳುತ್ತದೆ, ತೊಡೆಯ ಮೇಲಿನ ಕೈ ಎರಡು ಬೆರಳು ಕೂಡಿಸಿ ಹೂಂ ಎನ್ನುತ್ತದೆ. ಆರಿಸುವುದು ಕಣ್ಣಿನ ಕೆಲಸ, ಒಪ್ಪುವುದು ಬೆರಳಿನ ಕೆಲಸ. ಬೆರಳಿಗೆ ಬೆರಳು ತಾಗುವುದರಿಂದ ಸನ್ನೆ ಮಾಡಿದ್ದು ಮಾಡಿದವನಿಗಾದರೂ ಗೊತ್ತಾಗುತ್ತದೆ. ಆದರೆ 3,499 ಡಾಲರಿನ ಆ ಮುಖವಾಡ ತೊಟ್ಟು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟವರನ್ನು ನಾನಂತೂ ಕಾಣೆ.

ಆಮೇಲೆ ಮಣಿಕಟ್ಟು. ನನ್ನ ಪಾಲಿಗೆ ಈ ಕ್ಷೇತ್ರದ ನಿಜವಾದ ಹೊಸ ಸಂಗತಿ ಇದು. 2025ರ ಸೆಪ್ಟೆಂಬರಿನಲ್ಲಿ ಮೆಟಾ ಕಂಪನಿ ಪರದೆಯುಳ್ಳ ಕನ್ನಡಕದ ಜೊತೆ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿಯನ್ನೂ ಮಾರಾಟಕ್ಕಿಟ್ಟಿತು. ಎರಡೂ ಸೇರಿ 799 ಡಾಲರು, ನಮ್ಮ ಲೆಕ್ಕದಲ್ಲಿ ಸುಮಾರು ಎಪ್ಪತ್ತು ಸಾವಿರ ರೂಪಾಯಿ. ಈ ಪಟ್ಟಿಗೆ ಕ್ಯಾಮೆರಾ ಇಲ್ಲ. ಬೆರಳು ಆಡಿಸುವ ಸ್ನಾಯುಗಳು ಇರುವುದು ಬಹುಪಾಲು ಮುಂಗೈಯಲ್ಲಿ. ಮಿದುಳಿನಿಂದ ನರದ ಮೂಲಕ ಅಪ್ಪಣೆ ಬಂದು ಸ್ನಾಯು ಬಿಗಿಯುವಾಗ ಚರ್ಮದ ಮೇಲೆ ತೀರಾ ಸಣ್ಣ ವಿದ್ಯುತ್ ಅಲುಗಾಟ ಕಾಣಿಸಿಕೊಳ್ಳುತ್ತದೆ. ಡಾಕ್ಟರುಗಳು ನರದ ತೊಂದರೆ ಪತ್ತೆಗೆ ಮಾಡಿಸುವ ಇಎಂಜಿ ಪರೀಕ್ಷೆಯ ಮೂಲ ತತ್ವವೇ ಇದು. ಇಲ್ಲಿ ಸೂಜಿ ಇಲ್ಲ, ಚರ್ಮಕ್ಕೆ ತಾಗುವ ಲೋಹದ ಬಿಲ್ಲೆಗಳು ಸಾಕು. ಕತ್ತಲಿರಲಿ, ಕೈ ಬೆನ್ನ ಹಿಂದಿರಲಿ, ಪಟ್ಟಿಗೆ ಎಲ್ಲ ಒಂದೇ. ಆ ಹುಡುಗ ಜೇಬಿನಲ್ಲಿ ಇಳಿಬಿಟ್ಟ ಕೈಯಿಂದಲೂ ವಾಲ್ಯೂಮ್ ತಗ್ಗಿಸಬಹುದಿತ್ತು.

ಈ ಹಾದಿಯಲ್ಲಿ ಇದ್ದ ದೊಡ್ಡ ಅಡ್ಡಿ, ಒಬ್ಬರ ಕೈಯ ಸಂಕೇತ ಇನ್ನೊಬ್ಬರದರಂತೆ ಇರುವುದಿಲ್ಲ ಎಂಬುದು. ಅದೇ ಮನುಷ್ಯ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರೂ ಒಂದಿಷ್ಟು ಬದಲಾಗುತ್ತದೆ. ಸಾವಿರಾರು ಜನರ ಕೈಗಳಿಂದ ಕಲಿಸಿ, ಹೊಸಬರ ಕೈಗೂ ನೇರ ಒಗ್ಗುವ ಹಾಗೆ ಮಾಡಿದ್ದನ್ನು ಮೆಟಾದ ಸಂಶೋಧಕರು 2025ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಬೆರಳನ್ನು ಪೆನ್ನು ಹಿಡಿದಂತೆ ಆಡಿಸಿ ನಿಮಿಷಕ್ಕೆ ಸುಮಾರು 21 ಪದ ಬರೆಯಬಹುದಂತೆ. ಇಂಗ್ಲಿಷ್ ಪದ. ಒತ್ತಕ್ಷರ, ದೀರ್ಘ, ಕೊಂಬು ಎಲ್ಲ ಇರುವ ನಮ್ಮ ಲಿಪಿಗೆ ಎಷ್ಟಾದೀತು ಎಂಬುದು ಇಲ್ಲಿಯ ಹುಡುಗರಿಗೆ ನಾಲ್ಕನೆಯ ವಾಲ್ಯೂಮ್ ಪ್ರಾಜೆಕ್ಟಿಗಿಂತ ಒಳ್ಳೆಯ ವಿಷಯ.

ಗುಟ್ಟಿನ ವಿಚಾರದಲ್ಲಿ ಮಾತ್ರ ಸಂತೆಗೂ ಪಟ್ಟಿಗೂ ಹೋಲಿಕೆ ತಪ್ಪುತ್ತದೆ. ಟವಲ್ಲಿನ ಕೆಳಗೆ ಇಬ್ಬರೇ. ಪಟ್ಟಿಯ ಕೆಳಗೆ ಕಂಪನಿಯೂ ಕೂತಿರುತ್ತದೆ. ಬೆರಳು ಏನು ಬರೆಯಿತು ಎಂದು ಬಲ್ಲ ಯಂತ್ರ, ಕೈ ನಡುಗಿದ್ದನ್ನೂ ದಣಿದದ್ದನ್ನೂ ತಿಳಿಯಬಲ್ಲದು. ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಗೋ ಮೈಯ ಗುರುತಿಗೋ ಎಂದು ಬೇರೆ ಬಿಗಿಯಾದ ದರ್ಜೆಯನ್ನು ಇಟ್ಟಿಲ್ಲ. ನರದ ಸಂಕೇತವೂ, ಪಿಜ್ಜಾ ತರಿಸಿದ ವಿಳಾಸವೂ ಅದರ ಕಣ್ಣಿಗೆ ಒಂದೇ ತೂಕದವು. ಇದು ಮುಂದೆ ಜಗಳಕ್ಕೆ ಬರುವ ವಿಷಯ ಎಂದೇ ನನ್ನ ಅನಿಸಿಕೆ.

ಮುಟ್ಟದೆ ಯಂತ್ರ ನಡೆಸುವುದು ಯಾರಿಗೆ ನಿಜವಾಗಿ ಬೇಕು? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿಯೇ ಆದರೂ, ದಿನವಿಡೀ ಬಿಡಿಸಿದ ಕೈ ಫೋನಿಗೆ ತಾಗಿ, ಫೋನು ಕೆನ್ನೆಗೆ ತಾಗಿದರೆ ಗತಿಯೇನು. ಗ್ಯಾರೇಜಿನ ಗ್ರೀಸ್ ಕೈಗೆ. ಆಪರೇಷನ್ ನಡುವೆ ಸ್ಕ್ಯಾನ್ ಚಿತ್ರ ನೋಡಬೇಕಾದ ಡಾಕ್ಟರಿಗೆ. ಆಟಕ್ಕೆ ಸೋತ ಕಿನೆಕ್ಟನ್ನು ಕೈಗವಸು ಕೊಳೆಯಾಗದಂತೆ ಚಿತ್ರ ಸರಿಸಲು ಆಪರೇಷನ್ ಥಿಯೇಟರಿನೊಳಗೆ ಒಯ್ದು ನೋಡಿದವರು ಇದ್ದಾರೆ. ಆದರೆ ಇಂಥ ಕಡೆಗಳಲ್ಲಿ ಸನ್ನೆಗೆ ಕಡಿಮೆ ಬೆಲೆಯ ಎದುರಾಳಿಗಳು ಇವೆ. ಕೊರೊನಾ ಕಾಲ ನೆನಪಿಸಿಕೊಳ್ಳಿ: ಸೆನ್ಸರಿನ ಸ್ಯಾನಿಟೈಸರ್ ಡಬ್ಬಿಗಳ ಬ್ಯಾಟರಿ ಇಳಿದು ಮೂಲೆ ಸೇರಿದವು, ವೆಲ್ಡಿಂಗ್ ಅಂಗಡಿಯವರು ಕಬ್ಬಿಣದ ಪೈಪು ಬೆಸೆದು ಮಾಡಿಕೊಟ್ಟ ಕಾಲಪೆಡಲಿನ ಸ್ಟ್ಯಾಂಡು ಎಲ್ಲ ಅಂಗಡಿಯ ಮುಂದೂ ನಿಂತಿತು.

ಇನ್ನೊಂದು ಎದುರಾಳಿ ಬಾಯಿ, ಅಂದರೆ ಯಂತ್ರಕ್ಕೆ ಮಾತಲ್ಲೇ ಅಪ್ಪಣೆ ಕೊಡುವುದು. ಆದರೆ ನಮ್ಮ ಕಡೆಯ ಮಾತಿನ ರೀತಿ ನೋಡಿ. ನಾವು ಫ್ಯಾನನ್ನೂ ಹಚ್ಚುತ್ತೇವೆ, ಟಿವಿಯನ್ನೂ ಹಚ್ಚುತ್ತೇವೆ, ಕನ್ಯಾ ನೋಡಲು ಬಂದವರನ್ನು ಬಸ್ಸಿಗೂ ಹಚ್ಚುತ್ತೇವೆ. ಬೆಂಗಳೂರಿನ ಕನ್ನಡ ಕಲಿತ ಯಂತ್ರ ಇದರಲ್ಲಿ ಎಷ್ಟೋ ಸಲ ಮುಗ್ಗರಿಸುತ್ತದೆ. ಸನ್ನೆಗೆ ಆ ತೊಡಕಿಲ್ಲ ಎನ್ನಬೇಡಿ, ಸನ್ನೆಗೂ ಸೀಮೆಗಳಿವೆ. ಅಂಗೈ ನೆಲಕ್ಕೆ ಮಾಡಿ ಬೆರಳು ಮಡಚಿ ನಾವು ಬಾ ಎಂದು ಕರೆಯುತ್ತೇವೆ. ಅಮೆರಿಕದವರು ಅಂಗೈ ಮೇಲೆ ಮಾಡಿ ಕರೆಯುತ್ತಾರೆ, ನಮ್ಮದು ಅವರಿಗೆ ಹೋಗು ಎಂದಂತೆ ಕಂಡೀತು. ತಲೆ ಅಲ್ಲಾಡಿಸುವ ನಮ್ಮ ಹೂಂ ಬಗ್ಗೆ ಹೇಳುವುದೇ ಬೇಡ. ಬಾಯಿ, ಬೆರಳು ಎರಡೂ ಕೂಡಿದಾಗ ಮಾತ್ರ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. "ಅದನ್ನ ಅಲ್ಲಿಡು" ಎಂಬ ಮಾತಿಗೆ ಬೆರಳಿಲ್ಲದೆ ಅರ್ಥವಿಲ್ಲ, ಬೆರಳಿಗೆ ಮಾತಿಲ್ಲದೆ ಉದ್ದೇಶವಿಲ್ಲ. ಬೋಲ್ಟ್ ಹೊರಟಿದ್ದ ದಾರಿ ಅದೇ. ಕ್ಯಾಮೆರಾ ಕನ್ನಡಕ ಹಾಕಿಕೊಂಡು ಹೊಲದ ಎಲೆಯೊಂದಕ್ಕೆ ಬೆರಳು ತೋರಿಸಿ "ಇದಕ್ಕೇನ್ ಆಗೇತಿ?" ಎಂದು ಕೇಳುವುದು ಮೌಸಿನ ಅಣಕಕ್ಕಿಂತ ಎಷ್ಟೋ ಉಪಯೋಗದ ಸನ್ನೆ.

ಸನ್ನೆಯೇ ಭಾಷೆಯಾದವರ ಮಾತು ಬೇರೆ, ಅಲ್ಲಿ ಭರವಸೆ ಎಷ್ಟಿದೆಯೋ ಬೊಗಳೆಯೂ ಅಷ್ಟಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೇಳಿಸುವಿಕೆಯ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು. ಪ್ರತಿ ವರ್ಷ ಎಲ್ಲೋ ಒಂದು ಕಡೆ ಸಂಜ್ಞೆಯನ್ನು ಮಾತಾಗಿಸುವ ಕೈಗವಸು ಬಹುಮಾನ ಗೆಲ್ಲುತ್ತದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅಂಥ ಗವಸಿಗೆ ಹತ್ತು ಸಾವಿರ ಡಾಲರು ಗೆದ್ದಾಗ, ಕಿವುಡ ಸಮುದಾಯದವರೇ ಅದನ್ನು ಆಕ್ಷೇಪಿಸಿದರು. ಸಂಜ್ಞಾಭಾಷೆ ಬರೀ ಕೈಯಲ್ಲಿಲ್ಲ. ಹುಬ್ಬು ಏರುವುದು, ತುಟಿ, ಭುಜ ತಿರುಗುವುದು, ಗಾಳಿಯಲ್ಲಿ ಒಬ್ಬರನ್ನು ಎಡಕ್ಕೂ ಇನ್ನೊಬ್ಬರನ್ನು ಬಲಕ್ಕೂ ನಿಲ್ಲಿಸಿ ಮಾತು ಮುಂದುವರಿಸುವುದು ಎಲ್ಲ ವ್ಯಾಕರಣದ ಭಾಗ. ಗವಸಿಗೆ ಹುಬ್ಬು ಕಾಣುವುದಿಲ್ಲ. ಅಷ್ಟಕ್ಕೂ ಗವಸು ತೊಡಬೇಕಾದವರು ಕಿವುಡರು, ಅನುಕೂಲ ಪಡೆಯುವವರು ಕೇಳಿಸುವವರು.

ನಮ್ಮ ದೇಶದ ಸ್ಥಿತಿ ಹೇಗಿದೆ ಎಂದರೆ, ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ಯಂತ್ರಕ್ಕೆ ಕಲಿಸಲೆಂದು ಎಐ4ಭಾರತ್ ತಂಡ 2020ರಲ್ಲಿ ಬಿಡುಗಡೆ ಮಾಡಿದ ಇನ್‌ಕ್ಲೂಡ್ ಎಂಬ ಸಂಗ್ರಹದಲ್ಲಿ ಇದ್ದದ್ದು 263 ಪದಗಳ 4,287 ವಿಡಿಯೊ. ಒಳ್ಳೆಯ ಕೆಲಸವೇ, ಆದರೆ ಬಿಡಿ ಪದ ಗುರುತಿಸುವುದಕ್ಕೂ ಹರಿಯುವ ಮಾತು ಹಿಡಿಯುವುದಕ್ಕೂ ಅಜಗಜಾಂತರ. ಇನ್ನು ಪ್ರಾಂತದಿಂದ ಪ್ರಾಂತಕ್ಕೆ ಸಂಜ್ಞೆಯೂ ಬದಲಾಗುತ್ತದೆ. ಕೈಸನ್ನೆಯ ಪ್ರಾಜೆಕ್ಟ್ ಮಾಡುವ ಹುಡುಗರು ಆ ಮೂರು ಟೇಬಲ್ಲುಗಳಲ್ಲಿ ಒಂದನ್ನು ಹತ್ತಿರದ ಕಿವುಡ ಮಕ್ಕಳ ಶಾಲೆಗೆ ಹೊತ್ತುಕೊಂಡು ಹೋಗಿದ್ದರೆ, ಏನು ಬೇಕು ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಿದ್ದರು. ನಾನು ಆ ಎರಡನೆಯ ಟೇಬಲ್ಲಿನ ಹುಡುಗನಿಗೆ ಹಾಗೆಂದೆ. "ಮುಂದಿನ ಬ್ಯಾಚಿಗೆ ಹೇಳ್ತೀವ್ರಿ ಸರ್" ಅಂದ, ಕೈ ಜೇಬಿನಿಂದ ತೆಗೆಯದೆ.

ಕಡೆಗೆ, ಯಂತ್ರಕ್ಕೆಂದು ಮಾಡದ ಸನ್ನೆಯನ್ನು ಯಂತ್ರ ಓದಬೇಕಾದ ಜಾಗವೂ ಇದೆ: ರಸ್ತೆ. ಅಮೆರಿಕದಲ್ಲಿ ಓಡುವ ವೇಮೊ ಕಂಪನಿಯ ಚಾಲಕರಿಲ್ಲದ ಟ್ಯಾಕ್ಸಿಗಳಿಗೆ ಪೊಲೀಸರ, ಸೈಕಲ್ಲಿನವರ ಕೈಸನ್ನೆ ಓದಲು ಕಲಿಸಿದ್ದಾರೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಆ ಕಾರು ಏನೇನು ಓದಬೇಕಾದೀತು ನೋಡಿ. ಪೊಲೀಸರ ಅಂಗೈ. ರಸ್ತೆ ದಾಟುವ ಅಜ್ಜಿ ಬಸ್ಸಿನತ್ತ ಮುಖವನ್ನೂ ತಿರುಗಿಸದೆ ಚಾಚಿದ ಅಂಗೈ. ಆಟೊದವನು ಎಡಕ್ಕೆ ತಿರುಗುವ ಮುನ್ನ ಹೊರಚಾಚಿದ ಕಾಲು. ದೂರದಿಂದಲೇ ಬೆರಳು ಮೇಲೆ ಮಾಡಿ ಮಣಿಕಟ್ಟು ತಿರುವಿ "ಎಲ್ಲಿಗೆ?" ಎನ್ನುವ ಇನ್ನೊಬ್ಬ ಆಟೊದವನು, ಅದಕ್ಕೆ ಎರಡು ಬೆರಳು ತೋರಿಸಿ ಇಬ್ಬರು ಇದ್ದೇವೆ ಎನ್ನುವ ಗಿರಾಕಿ. ಇಲ್ಲಿ ತಪ್ಪು ಓದಿದರೆ ಹೋಗುವುದು ಬೊಗಸೆ ನೀರಲ್ಲ.

ಹೋದ ತಿಂಗಳು ಬೆಟಗೇರಿಗೆ ಹೋದಾಗ ಅತ್ತಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೊಣಕೈ ತನಕ ಜೋಳದ ಹಿಟ್ಟು. ಇದೇ ತಕ್ಕ ಹೊತ್ತು ಎಂದು ಮೆಟಾದ ಪಟ್ಟಿಯ ವಿಡಿಯೊ ತೋರಿಸಿ, ಇದಿದ್ದರೆ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಬಹುದು, ಬೆರಳು ಕೂಡಿಸಿದರೆ ಸಾಕು ಎಂದೆ. ಅವಳು ಬಡಿಯುವುದನ್ನು ನಿಲ್ಲಿಸದೆ ನೋಡಿದಳು. ಬಡಿಯುವುದಕ್ಕೂ ಬೆರಳು ಬೇಕಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವಳಿಗೆ ಹೊಳೆದದ್ದು ಬೇರೆ. ಮುಂಗೈ ಎತ್ತಿ ಹಿಡಿದಳು, ಒಂದು ಡಜನ್ ಹಸಿರು ಗಾಜಿನ ಬಳೆ, ನಡುವೆ ಹಿಟ್ಟು ಮೆತ್ತಿದ ಎರಡು ಬಂಗಾರದವು.

"ಎಲ್ಲೆ ಕಟ್ಕೋಬೇಕಪಾ ತಮ್ಮಾ ಇದನ್ನ?"

ಅಷ್ಟರಲ್ಲಿ ಗೋಡೆಯ ಮಾಡದಲ್ಲಿದ್ದ ಫೋನು ಹೊಡೆದುಕೊಂಡಿತು. ಅತ್ತಿಗೆ ಗದ್ದವನ್ನು ಇಷ್ಟೇ ಇಷ್ಟು ಆ ಕಡೆ ಎತ್ತಿದಳು. ಬಾಗಿಲಲ್ಲಿ ಹೋಂವರ್ಕ್ ಬರೆಯುತ್ತಿದ್ದ ಮಗ ತಲೆ ಎತ್ತಿ ನೋಡಿ, ಎದ್ದು ಹೋಗಿ ಫೋನ್ ತಂದು ಅವಳ ಕಿವಿಗೆ ಹಿಡಿದ.